ಕಾಲವು ತೀರಿಸದ ಋಣ

ಶನಿವಾರದ ಪ್ರಾತಃಕಾಲದಲ್ಲಿ ಕೆಂಗಲ್ಲಿನ ಆಂಜನೇಯಸ್ವಾಮಿಗೆ ವೀಳ್ಯದೆಲೆಯ ಹಾರವನ್ನೊಪ್ಪಿಸಿ, ಎಳ್ಳೆಣ್ಣೆಯ ದೀಪವನ್ನು ಹಚ್ಚಿ, ಶನಿಯ ಸಾಡೇಸಾತಿಯ ಬಾಧೆ ಕಳೆಯಲೆಂದು ಕೈಮುಗಿದು ನಿಲ್ಲುವ ನಮ್ಮ ಜನ, ಜನ್ಮಾಂತರದ ಕರ್ಮವೂ ಬೆನ್ನಟ್ಟಿ ಬರುವುದೆಂಬುದನ್ನು ಕಿಂಚಿತ್ತೂ ಶಂಕಿಸರು. ಆದರೆ ಪ್ರಖ್ಯಾತನಾದ ಗಾಯಕನೊಬ್ಬನು ಇಪ್ಪತ್ತು ವರ್ಷಗಳ ಹಿಂದೆ ತನ್ನೊಡನೆ ಅಸಭ್ಯವಾಗಿ ವರ್ತಿಸಿದನೆಂದು ಹೆಣ್ಣುಮಗಳೊಬ್ಬಳು ದೂರಿದೊಡನೆ, ಅದೇ ಜನ, ‘ಇಷ್ಟು ವರ್ಷ ಯಾಕೆ ಸುಮ್ಮನಿದ್ದಳು?’ ಎನ್ನುತ್ತಾರೆ. ಕರ್ಮಕ್ಕೆ ಜನ್ಮಗಳ ಗಡಿಯೇ ಇಲ್ಲವೆಂದು ನಂಬಿದವರಿಗೆ ಇಪ್ಪತ್ತು ವರ್ಷ ದೀರ್ಘವಾಗಿ ತೋರುವುದು ನನಗೆ ತೀವ್ರವಾದ ವ್ಯಥೆಯನ್ನುಂಟುಮಾಡುತ್ತದೆ.

ಮೌನವನ್ನು ಪ್ರಶ್ನಿಸುವುದಾದರೆ ಮೊದಲು ಯಾರ ಮೌನವನ್ನು ಪ್ರಶ್ನಿಸಬೇಕು? ಸ್ತ್ರೀಯರನ್ನು ಕುರಿತ ಮನುಸ್ಮೃತಿಯ ಅನೇಕ ವಿಧಿಗಳನ್ನು ನಾನು ಒಪ್ಪಲಾರೆ. ಆದರೂ ಅದರ ಹನ್ನೊಂದನೆಯ ಅಧ್ಯಾಯವು ಪಾಪಪರಿಹಾರದ ಸಾಧನಗಳನ್ನು ಹೇಳುವಾಗ ತಪಸ್ಸು, ಅಧ್ಯಯನ, ದಾನಗಳಿಗಿಂತ ಮುಂಚಿತವಾಗಿ ಖ್ಯಾಪನವನ್ನೂ ಅನುತಾಪವನ್ನೂ ಇರಿಸಿರುವುದು ಮನನೀಯವಾಗಿದೆ. ಗೈದವನು ತಾನೇ ಬಾಯಿಬಿಟ್ಟು ಹೇಳಿಕೊಳ್ಳುವುದು ಖ್ಯಾಪನ. ಅಂದಮೇಲೆ ನುಡಿಯಬೇಕಾದ ಹೊಣೆ ಅವನದು. ಅವನು ಇಳಿಸಿಹೋದ ಹೊರೆಯನ್ನೇ ಅವಳು ಅಷ್ಟು ಕಾಲ ಹೊತ್ತಿದ್ದಾಳೆ.

2018ರ ಅಕ್ಟೋಬರಿನಲ್ಲಿ ಗಾಯಕಿ ಚಿನ್ಮಯಿ ಶ್ರೀಪಾದ ಅವರು ಹಲವು ಸ್ತ್ರೀಯರ ಇಂಥ ದೂರುಗಳನ್ನು ಬೆಳಕಿಗೆ ತಂದಾಗ, ಶರೀಫರ ಪದಗಳನ್ನು ಹೊಸ ತಲೆಮಾರಿಗೆ ಮುಟ್ಟಿಸಿದ ನಮ್ಮ ರಘು ದೀಕ್ಷಿತರು, ವರ್ಣಿಸಿದ ರೀತಿಯಲ್ಲಿಯೇ ಅಲ್ಲವಾದರೂ ಘಟನೆ ನಡೆದುದುಂಟು, ತಮ್ಮದು ತಪ್ಪು ಎಂದು ಬಹಿರಂಗವಾಗಿ ಕ್ಷಮೆ ಯಾಚಿಸಿದರು. ತಮಿಳು ಕವಿ ವೈರಮುತ್ತು ತಮ್ಮ ಮೇಲಿನ ಆರೋಪವನ್ನು ನಿರಾಕರಿಸಿದರು. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಆ ವರ್ಷದ ಡಿಸೆಂಬರ್ ಕಛೇರಿಗಳಿಂದ ಇಂಥ ಆರೋಪಗಳಿಗೆ ಒಳಗಾದ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತು. ನಿರಾಕರಿಸಿದವರೆಲ್ಲರೂ ಅಪರಾಧಿಗಳೆಂದು ನಾನು ಹೇಳುತ್ತಿಲ್ಲ. ಸಾಕ್ಷ್ಯವು ಕಾಲದಿಂದ ಮಸುಕಾಗುವುದು ನಿಜ, ನಿರ್ದೋಷಿಯ ಮಾನವೂ ಮಾನವೇ. ಆದರೆ ಸಾಕ್ಷ್ಯದ ಕೊರತೆ ಬೇರೆ, ಪಾಪಕ್ಷಯ ಬೇರೆ.

ಕೆಂಗಲ್ ಹನುಮಂತಯ್ಯನವರ ಆಸ್ಥೆಯಿಂದ ಸುಲಭ ಬೆಲೆಯಲ್ಲಿ ಮನೆಮನೆಗೆ ಬಂದ ಕುಮಾರವ್ಯಾಸ ಭಾರತವನ್ನು ಈ ಸೀಮೆಯವರು ಅರಿಯದವರಲ್ಲ. ಅದರಲ್ಲಿ ದ್ರೌಪದಿ ಸುಮ್ಮನಿರಲಿಲ್ಲ, ತುಂಬಿದ ಸಭೆಯಲ್ಲಿಯೇ, ಭೀಷ್ಮ ದ್ರೋಣರೆದುರಿಗೇ ನ್ಯಾಯವನ್ನು ಕೇಳಿದಳು. ಹಿರಿಯರು ತಲೆ ತಗ್ಗಿಸಿದರು. ಆಮೇಲೆ ಹದಿಮೂರು ವರ್ಷ ಅವಳು ಬಿಚ್ಚಿದ ಮುಡಿಯನ್ನು ಕಟ್ಟದೆ ಇದ್ದುದನ್ನು ಗಮಕಿಗಳ ಬಾಯಲ್ಲಿ ಕೇಳಿ ಕಣ್ಣೀರಿಡುವ ನಾವು, ಅಷ್ಟು ಕಾಲ ಮರೆಯಬಾರದಿತ್ತೇ ಎಂದು ಅವಳನ್ನು ಕೇಳಿದ್ದುಂಟೆ? ಪಟ್ಟದರಸಿಯ ಮಾತಿಗೇ ಸಭೆ ಕಿವುಡಾಗಿದ್ದ ಮೇಲೆ, ಗುರುವಿನ ಹಿಂದೆ ತಂಬೂರಿ ಹಿಡಿದು ಕುಳಿತ ಹುಡುಗಿ ಯಾವ ಸಭೆಯನ್ನು ನಂಬಿ ನುಡಿದಾಳು?

ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ಕುರಿತ 2013ರ ಕಾಯಿದೆ ದೂರಿಗೆ ಮೂರು ತಿಂಗಳ ಅವಧಿಯನ್ನು ಕೊಟ್ಟಿದೆ, ಸಕಾರಣವಿದ್ದರೆ ಇನ್ನು ಮೂರು. ಪತ್ರಕರ್ತೆ ಪ್ರಿಯಾ ರಮಾನಿಯವರ ಮೇಲೆ, ಅವರಿಂದ ಇಂಥದೇ ಆರೋಪಕ್ಕೊಳಗಾದ ಎಂ. ಜೆ. ಅಕ್ಬರರು ಹೂಡಿದ್ದ ಮಾನನಷ್ಟ ಮೊಕದ್ದಮೆಯನ್ನು 2021ರ ಫೆಬ್ರವರಿ 17ರಂದು ವಜಾ ಮಾಡಿದ ದೆಹಲಿಯ ನ್ಯಾಯಾಲಯವಾದರೋ, ದಶಕಗಳು ಕಳೆದ ಮೇಲೆಯೂ, ತನಗಿಷ್ಟವಾದ ಯಾವುದೇ ವೇದಿಕೆಯಲ್ಲಿ ತನ್ನ ಅಳಲನ್ನು ಹೇಳಿಕೊಳ್ಳುವ ಹಕ್ಕು ಹೆಣ್ಣಿಗುಂಟೆಂದಿತು. ಸಂಗೀತಲೋಕಕ್ಕೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಅಲ್ಲಿ ಪಾಠ ಹೇಳುವ ಮನೆಯೂ ಗುರುವಿನದೇ, ಮೊದಲ ಕಛೇರಿಯನ್ನು ಕೊಡಿಸುವ ಶಿಫಾರಸೂ ಅವನದೇ. ಅವನಿಂದ ಕಲಿತ ಕೃತಿಗಳನ್ನೇ ಹಾಡಿ ಬದುಕಬೇಕಾದವಳು ಅವನ ಹಂಗಿನಿಂದ ಹೊರಬಂದು ತನ್ನ ಕಾಲ ಮೇಲೆ ನಿಲ್ಲುವ ಹೊತ್ತಿಗೆ ಹತ್ತು ಹದಿನೈದು ವರ್ಷಗಳು ಸಂದಿರುತ್ತವೆ.