ಹಸಿವು ತಂದ ನಿರ್ಭಯ

ಇಂಗ್ಲೆಂಡಿನಲ್ಲಿ 1962ರ ಡಿಸೆಂಬರ್ ಕೊನೆಯಲ್ಲಿ ಬಿದ್ದ ಹಿಮವು ಹಲವೆಡೆ 1963ರ ಮಾರ್ಚ್ ಮೊದಲ ವಾರದವರೆಗೂ ಕರಗಲಿಲ್ಲ. ನೆಲ ಕಲ್ಲಾಯಿತು, ಕೆರೆಗಳು ಹೆಪ್ಪುಗಟ್ಟಿದವು. ಅಂತಹ ಚಳಿಯಲ್ಲಿ, ಮನುಷ್ಯನನ್ನು ಕಂಡರೆ ದೂರದಿಂದಲೇ ಹಾರಿಹೋಗುವ ಫೀಲ್ಡ್‌ಫೇರ್ ಎಂಬ ವಲಸೆಯ ಹಕ್ಕಿಯೂ ಮನೆಗಳ ಹಿತ್ತಿಲಿಗಿಳಿದು ಉದುರಿದ ಸೇಬನ್ನು ಕುಕ್ಕುತ್ತದೆ. ರಾಬಿನ್ ಹಕ್ಕಿಯಂತೂ ಅಂಗೈಯ ಮೇಲೆಯೇ ಬಂದು ಕೂರುವುದುಂಟು. ನೋಡಿದವರು ಹಕ್ಕಿ ತಮ್ಮನ್ನು ನಂಬಿತೆಂದು ಹಿಗ್ಗುತ್ತಾರೆ. ಅದು ನಂಬಿಕೆಯೇ ಎಂಬುದು ವಿಚಾರಣೀಯ.

ರಾಬಿನ್ನಿನ ತೂಕ ಸುಮಾರು 20 ಗ್ರಾಂ. ನಡುಚಳಿಗಾಲದ ರಾತ್ರಿ ಅಲ್ಲಿ 16 ಗಂಟೆಗಳಷ್ಟು ದೀರ್ಘ. ಮೈಯ ಶಾಖವನ್ನು ಕಾಯ್ದುಕೊಳ್ಳುವುದರಲ್ಲಿಯೇ ಸಣ್ಣ ಹಕ್ಕಿಯೊಂದು ಒಂದು ರಾತ್ರಿಯಲ್ಲಿ ತನ್ನ ತೂಕದ ಹತ್ತರಲ್ಲೊಂದು ಪಾಲನ್ನು ಕಳೆದುಕೊಳ್ಳಬಹುದು. ಬೆಳಗಾದೊಡನೆ ಉಣ್ಣದಿದ್ದರೆ ಮುಂದಿನ ರಾತ್ರಿಯನ್ನು ದಾಟುವುದು ಸಂದೇಹ. ಮನುಷ್ಯನ ಭಯ ಅದರಿಂದ ಹೋಗಿಲ್ಲ. ಅದಕ್ಕಿಂತ ದೊಡ್ಡ ಭಯವೊಂದು ಹಿಂದಿನಿಂದ ತಳ್ಳುತ್ತಿದೆ.

ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವನಿಗೆ ಹಸಿವಿನ ಪರಿಚಯವಿದೆ. ಆದರೆ ಅವನು ಆಹಾರವನ್ನು ತಾನೇ ತ್ಯಜಿಸಿದವನು, ಪಾರಣೆಯ ದಿನವನ್ನು ಬಲ್ಲವನು. ಹಕ್ಕಿಗೆ ಸಂಕಲ್ಪವೂ ಇಲ್ಲ, ಪಾರಣೆಯ ಭರವಸೆಯೂ ಇಲ್ಲ. ಬಯಸದೆ ಬಂದ ಕಷ್ಟವನ್ನು ಸಹಿಸುವುದರಿಂದ ಆಗುವುದನ್ನು ಶಾಸ್ತ್ರವು ಅಕಾಮನಿರ್ಜರೆಯೆಂದು ಬೇರೆಯಾಗಿಯೇ ಹೇಳುತ್ತದೆ. ಈ ಭೇದವನ್ನು ತನ್ನ ಹೊಟ್ಟೆಯಿಂದಲೇ ತಿಳಿದವನು ಹಕ್ಕಿಯ ಸಾಮೀಪ್ಯವನ್ನು ತನಗೆ ಸಂದ ಪ್ರೀತಿಯೆಂದು ಎಣಿಸಲಾರನು.

ಲೆಸ್ಟರ್ ನಗರದಲ್ಲಿ 1988ರಲ್ಲಿ ಜಿನಮಂದಿರದ ಪ್ರತಿಷ್ಠೆಯಾಗಿದೆ. ಅಲ್ಲಿನ ಶ್ರಾವಕರಿಗೆ ಇದು ಹಿತ್ತಿಲ ಬಾಗಿಲಿನ ಪ್ರಶ್ನೆಯೇ ಸರಿ. ಬ್ರಿಟನ್ನಿನ ವಿದೇಶಾಂಗ ಸಚಿವನಾಗಿದ್ದ ಎಡ್ವರ್ಡ್ ಗ್ರೇ 1927ರಲ್ಲಿ ಪ್ರಕಟಿಸಿದ ಪಕ್ಷಿಗ್ರಂಥದಲ್ಲಿ ರಾಬಿನ್‌ಗಳನ್ನು ಕೈಮೇಲೆ ಪಳಗಿಸಿದುದನ್ನು ವರ್ಣಿಸಿದ್ದಾನೆ. ಅವನು ನೀಡುತ್ತಿದ್ದುದು ಜೀವಂತ ಹುಳುಗಳನ್ನು. ಒಂದು ಜೀವಕ್ಕಾಗಿ ಹಲವು ಜೀವಗಳನ್ನು ಕೊಂಡು ತರುವುದು ಅಣುವ್ರತಿಗೆ ಸಲ್ಲದು. ತುರಿದ ಚೀಸ್, ಓಟ್ಸ್, ನೆನೆಸಿದ ಒಣದ್ರಾಕ್ಷಿಗಳನ್ನೂ ರಾಬಿನ್ ತಿನ್ನುತ್ತದೆ. ಫೀಲ್ಡ್‌ಫೇರಿಗೆ ಸೇಬು ಸಾಕು. ಕೈಮೇಲೆ ಕರೆಯುವ ಆಸೆಯನ್ನಾದರೂ ಬಿಡಬೇಡವೇ? ಆಹಾರವಿಟ್ಟು ಹಿಂದೆ ಸರಿದಾಗಲೇ ಆಹಾರದಾನದೊಡನೆ ಅಭಯದಾನವೂ ಕೂಡುತ್ತದೆ. ಹಕ್ಕಿ ಹತ್ತಿರ ಬಂದರೆ ಮಾತ್ರ ಉಣಿಸುವವನು ಅದರ ಭಯಕ್ಕೆ ಬೆಲೆ ಕಟ್ಟಿ ಕೊಂಡಂತಾಗುತ್ತದೆ.

ಇನ್ನೊಂದು ತೊಡಕಿದೆ. ಅನ್ನಪಾನನಿರೋಧವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ಅದು ತನ್ನ ಅಧೀನದಲ್ಲಿರುವ ಪ್ರಾಣಿಗಳ ಮಾತು, ಕಾಡಿನ ಹಕ್ಕಿಯನ್ನು ಯಾರೂ ಕಟ್ಟಿಹಾಕಿಲ್ಲ ಎಂದು ವಾದಿಸಿ ಪಾರಾಗಬಹುದು. ಆದರೆ ತಿಂಗಳುಗಟ್ಟಲೆ ಒಂದೇ ಕಡೆ ಕಾಳಿಟ್ಟು, ಹಿಮ ಬೀಳುತ್ತಿರುವಾಗಲೇ ಹೇಳದೆ ಕೇಳದೆ ಊರಿಗೆ ಹೊರಟುಬಿಟ್ಟರೆ? ಎಂಟು ಗಂಟೆಯ ಹಗಲಿನಲ್ಲಿ ಬರಿದಾದ ತಟ್ಟೆಗೆ ಬಂದು ಹೋಗುವ ಶ್ರಮವೂ ಆ ಹಕ್ಕಿಗೆ ದುಬಾರಿ. ಹಗ್ಗವಿಲ್ಲದಿದ್ದರೂ ರೂಢಿಯೊಂದು ಕಟ್ಟಿದೆ. ಹೊರಡುವವನು ನೆರೆಯವರಿಗೆ ಹೇಳಿಹೋಗುವುದು ಅಂತಹ ಕಷ್ಟವೇನಲ್ಲ.

ಪ್ರಮಾದವಂತೂ ನೇರವಾಗಿ ಹಿಂಸೆಗೆ ದಾರಿ. 2005ರಲ್ಲಿ ಬ್ರಿಟನ್ನಿನ ಫಿಂಚ್ ಹಕ್ಕಿಗಳಲ್ಲಿ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿಯ ರೋಗ ಕಾಣಿಸಿಕೊಂಡಿತು. ಅದು ಹಕ್ಕಿಗಳು ಗುಂಪುಗೂಡಿ ಉಣ್ಣುವ ಮಲಿನ ತಟ್ಟೆ, ನೀರಿನ ಪಾತ್ರೆಗಳಿಂದ ಹರಡುತ್ತದೆ. ಗ್ರೀನ್‌ಫಿಂಚ್ ಎಷ್ಟು ಕ್ಷೀಣಿಸಿತೆಂದರೆ 2021ರಲ್ಲಿ ಅದನ್ನು ಅಲ್ಲಿನ ಕೆಂಪು ಪಟ್ಟಿಗೆ ಸೇರಿಸಲಾಯಿತು. ದಯೆಯಿಂದಿಟ್ಟ ತಟ್ಟೆಯನ್ನು ದಯೆಯಿಂದಲೇ ತೊಳೆಯಬೇಕಾಗುತ್ತದೆ.

ಹಿಮ ಕರಗಿ ನೆಲ ಮೆತ್ತಗಾದೊಡನೆ ಫೀಲ್ಡ್‌ಫೇರ್‌ಗಳು ಬಯಲಿಗೆ ಮರಳುತ್ತವೆ. ವಾರದ ಹಿಂದೆ ಸೇಬನ್ನಿಟ್ಟವನೇ ಆ ಬಯಲಿನ ಅಂಚಿಗೆ ಬಂದರೂ, ಅವನನ್ನು ದೂರದಿಂದ ಕಂಡೊಡನೆ ಇಡೀ ಹಿಂಡು ಹಾರಿಹೋಗುತ್ತದೆ.