ಒಲ್ಲೆ ಎನ್ನುವ ಸ್ವಾತಂತ್ರ್ಯ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜಿನ ದಿನ ಹೊಗೆಸೊಪ್ಪಿನ ಬೇಲುಗಳು ಸಾಲಾಗಿ ಕೂರುತ್ತವೆ. ಕಂಪನಿಗಳ ಖರೀದಿದಾರರು ಸೊಪ್ಪನ್ನು ಹಿಡಿದು, ಬಣ್ಣ ನೋಡಿ, ದರ ಕಟ್ಟುತ್ತಾರೆ. ಒಪ್ಪಿಗೆಯಾಗದಿದ್ದರೆ ಬೆಳೆಗಾರ ಬೇಲನ್ನು ಮಾರದೆ ಹಿಂದಕ್ಕೆ ಒಯ್ಯಬಹುದು. ನಿಯಮದಲ್ಲಿ ಅವನು ಸ್ವತಂತ್ರ. ಆದರೆ ಗೊಬ್ಬರದ ಸಾಲ, ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಉರಿಸಿದ ಸೌದೆಯ ಬಾಕಿ, ಮಗಳ ಕಾಲೇಜು ಶುಲ್ಕ ಒಟ್ಟಿಗೆ ಎದುರು ನಿಂತಾಗ ಅವನು ಎಷ್ಟು ಸಲ ಒಲ್ಲೆ ಎನ್ನಬಲ್ಲ?

ಮುಕ್ತ ಮಾರುಕಟ್ಟೆಗೂ ಪ್ರಜಾಪ್ರಭುತ್ವಕ್ಕೂ ಏನು ಸಂಬಂಧ ಎಂಬ ಹಳೆಯ ತಾತ್ವಿಕ ಪ್ರಶ್ನೆ ಈ ಹರಾಜು ಕಟ್ಟೆಯ ಮೇಲೂ ಇದೆ. ಎರಡೂ ವ್ಯಕ್ತಿಯ ಆಯ್ಕೆಯ ಮೇಲೆ ನಿಂತಿವೆ. ಲೆಕ್ಕ ಮಾತ್ರ ಬೇರೆ. ಮತಗಟ್ಟೆಯಲ್ಲಿ ಎಲ್ಲರಿಗೂ ಒಂದೇ ಮತ, ಮಾರುಕಟ್ಟೆಯಲ್ಲಿ ಜೇಬಿನಲ್ಲಿದ್ದಷ್ಟು.

ಹೊಳೆನರಸೀಪುರದ ಮತದಾರರು ಎಚ್.ಡಿ. ದೇವೇಗೌಡರನ್ನು ಪಕ್ಷೇತರರಾಗಿ ಮೊದಲ ಸಲ ವಿಧಾನಸಭೆಗೆ ಕಳಿಸಿದ್ದು 1962ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಮಿಲ್ಟನ್ ಫ್ರೀಡ್‌ಮನ್ ಬರೆದ ಪುಸ್ತಕವೊಂದು ಆರ್ಥಿಕ ಸ್ವಾತಂತ್ರ್ಯವಿಲ್ಲದೆ ರಾಜಕೀಯ ಸ್ವಾತಂತ್ರ್ಯ ಉಳಿಯಲಾರದು ಎಂದು ವಾದಿಸಿತು. ಹಾಸನ ಜಿಲ್ಲೆಯ ಅಂದಿನ ಸ್ಥಿತಿ ಆ ವಾದಕ್ಕೆ ಸುಲಭವಾಗಿ ಒಗ್ಗುವಂಥದ್ದಲ್ಲ. ಸಕಲೇಶಪುರದ ಕಾಫಿ ಬೆಳೆಗಾರ ತನಗೆ ಬೇಕಾದ ಶಾಸಕನನ್ನು ಆರಿಸಬಹುದಿತ್ತು, ತನ್ನ ಕಾಫಿಯನ್ನು ಬೇಕಾದವರಿಗೆ ಮಾರುವಂತಿರಲಿಲ್ಲ. 1942ರ ಕಾನೂನಿನ ಪ್ರಕಾರ ಬೆಳೆ ಕಾಫಿ ಮಂಡಳಿಯ ಪೂಲಿಗೆ, ಎಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಹೋಗಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಆದರೂ ಚುನಾವಣೆಗಳು ನಡೆದವು, ಸರ್ಕಾರಗಳು ಸೋತವು. ಅತ್ತ ಚಿಲಿಯಲ್ಲಿ 1973ರ ಸೇನಾ ದಂಗೆಯ ನಂತರ ಮಾರುಕಟ್ಟೆ ತೆರೆಯಿತು, ಸಂಸತ್ತು ಮುಚ್ಚಿತು. ಒಂದಿದ್ದರೆ ಇನ್ನೊಂದು ತಾನಾಗಿ ಬರುತ್ತದೆ ಎಂಬ ನಂಬಿಕೆಗೆ ಎರಡೂ ಕಡೆ ಪುರಾವೆ ಇಲ್ಲ.

1992ರಿಂದ ಪೂಲಿನ ಬಿಗಿ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಕಾಫಿ ಪೂರ್ತಿ ಮುಕ್ತವಾಯಿತು. ಬ್ರೆಜಿಲ್‌ನಲ್ಲಿ 1994ರಲ್ಲಿ ಬಿದ್ದ ಹಿಮದಿಂದ ಏರಿದ್ದ ದರ ಬೆಳೆಗಾರರ ಕೈಗೆ ನೇರವಾಗಿ ಸಿಕ್ಕಿತು. ಬಾಳ್ಳುಪೇಟೆ, ಸಕಲೇಶಪುರದ ಕಡೆ ಹೊಸ ಮನೆಗಳು ಎದ್ದವು, ಜೀಪುಗಳು ಬಂದವು. ಐದಾರು ವರ್ಷಗಳಲ್ಲೇ ವಿಯೆಟ್ನಾಂ ಕಾಫಿ ಜಗತ್ತಿನ ಮಾರುಕಟ್ಟೆಗೆ ನುಗ್ಗಿ, 2001ರ ಸುಮಾರಿಗೆ ದರ ನೆಲ ಕಚ್ಚಿತು. ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ, ರೋಬಸ್ಟಾದ ದರ ಲಂಡನ್ನಿನಲ್ಲಿ ನಿಗದಿಯಾಗುತ್ತದೆ. ಅಲ್ಲಿ ಸಕಲೇಶಪುರದವರಿಗೆ ಮತವಿಲ್ಲ. ಹಾಗೆಂದು ಹಳೆಯ ಪೂಲಿಗೆ ಮರಳೋಣ ಎಂದವರು ಕಡಿಮೆ. ಸ್ವಾತಂತ್ರ್ಯ ಬೇಕು, ಬಿದ್ದಾಗ ಹಿಡಿಯುವ ಕೈಯೂ ಬೇಕು ಎಂದರು. ಸಾಲ ಮರುಹೊಂದಾಣಿಕೆಗಾಗಿ ಸರ್ಕಾರದ ಬಾಗಿಲು ತಟ್ಟಲು ಅವರಿಗೆ ಬಲ ಕೊಟ್ಟಿದ್ದು ಶಾಸಕನನ್ನು ಆರಿಸುವ ಮತ.

ಹಿಡಿಯುವ ಕೈ ಸರ್ಕಾರದ್ದಾದರೆ, ಮಾರುಕಟ್ಟೆಗೆ ನೀತಿ ಎಲ್ಲಿಂದ ಬರಬೇಕು ಎಂಬುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನ ಪರಂಪರೆಯಲ್ಲಿ ಒಂದು ಉತ್ತರವಿದೆ. ಜೈನರಲ್ಲಿ ವ್ಯಾಪಾರಿಗಳು ಹೆಚ್ಚು. ಅವರ ಧರ್ಮ ವ್ಯಾಪಾರವನ್ನು ಬೇಡವೆನ್ನಲಿಲ್ಲ, ಕಟ್ಟು ಹಾಕಿತು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಗೃಹಸ್ಥನ ಅಚೌರ್ಯ ವ್ರತಕ್ಕೆ ಭಂಗ ತರುವ ಐದು ದೋಷಗಳನ್ನು ಪಟ್ಟಿ ಮಾಡುತ್ತದೆ. ಕಳ್ಳಮಾಲು ಕೊಳ್ಳುವುದರ ಜೊತೆಗೆ ಸುಳ್ಳು ತೂಕ-ಅಳತೆ, ಕಲಬೆರಕೆ, ರಾಜ್ಯದ ಕಟ್ಟಳೆ ಮೀರಿದ ವ್ಯವಹಾರ ಕೂಡ ಅದರಲ್ಲಿವೆ. ಆಸ್ತಿಗೆ ತಾನೇ ಮಿತಿ ಹಾಕಿಕೊಳ್ಳುವ ಪರಿಗ್ರಹ ಪರಿಮಾಣ ವ್ರತ ಇನ್ನೊಂದು. ತಕ್ಕಡಿಯ ಮೋಸವನ್ನು ಇಲ್ಲಿ ಕಳ್ಳತನದ ಸಾಲಿಗೆ ಸೇರಿಸಿರುವುದು ಗಮನಾರ್ಹ. ಆದರೆ ವ್ರತ ಪಾಲಿಸುವುದು ಮಾರುವವನ ಮನಸ್ಸಿಗೆ ಬಿಟ್ಟದ್ದು. ಪಾಲಿಸದವನ ಎದುರು ಕೊಳ್ಳುವವನಿಗೆ ಕಾನೂನೇ ಗತಿ.

ಹಾಸನದ ಬಿತ್ತನೆ ಆಲೂಗಡ್ಡೆಯನ್ನೇ ನೋಡಿ. ಮುಂಗಾರಿಗೆ ಮುನ್ನ ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಗಡ್ಡೆ ಹಾಸನದ ಎಪಿಎಂಸಿ ಪ್ರಾಂಗಣದಲ್ಲಿ ಮೂಟೆ ಮೂಟೆಯಾಗಿ ಬೀಳುತ್ತದೆ. ಗಡ್ಡೆಯೊಳಗೆ ಅಂಗಮಾರಿ ಅಡಗಿದೆಯೇ ಎಂದು ರೈತ ಕಣ್ಣಿನಲ್ಲಿ ನೋಡಿ ತಿಳಿಯಲಾರ. ರೋಗ ಹೊಲದಲ್ಲಿ ಕಾಣುವ ಹೊತ್ತಿಗೆ ದುಡ್ಡು ಕೈಬಿಟ್ಟಿರುತ್ತದೆ. ತಿಳಿಯದೆ ಮಾಡಿದ ಆಯ್ಕೆಯನ್ನು ಮುಕ್ತ ಆಯ್ಕೆ ಎನ್ನುವುದು ಕಷ್ಟ. ಬೀಜದ ದೃಢೀಕರಣ, ಬಹಿರಂಗ ದರಪಟ್ಟಿ, ದೂರು ಕೇಳುವ ಅಧಿಕಾರಿ ಇದ್ದಾಗಲೇ ಅಲ್ಲಿ ಮಾರುಕಟ್ಟೆ ಸರಿಯಾಗಿ ನಡೆಯುತ್ತದೆ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕನ್ನೂ ವ್ಯಾಪಾರದ ಹಕ್ಕನ್ನೂ ಒಟ್ಟಿಗೆ ಇಟ್ಟು, ಎರಡಕ್ಕೂ ಸಮಂಜಸ ನಿರ್ಬಂಧ ವಿಧಿಸಲು ಅವಕಾಶ ಕೊಟ್ಟಿದೆ.

ಹಾಲಿನ ಡೈರಿಯಲ್ಲಿ ಮತದ ಲೆಕ್ಕ, ಜೇಬಿನ ಲೆಕ್ಕ ಎರಡೂ ಒಂದೇ ಬಾಗಿಲಲ್ಲಿ ಭೇಟಿಯಾಗುತ್ತವೆ. ಬೆಳಿಗ್ಗೆ ಕ್ಯಾನು ಹಿಡಿದು ಬಂದ ಹೆಣ್ಣುಮಗಳ ಹಾಲಿಗೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ದರ. ಹೆಚ್ಚು ಹಾಲು ಹಾಕಿದವರಿಗೆ ಹೆಚ್ಚು ಬಟವಾಡೆ. ಹಾಲು ಉತ್ಪಾದಕರ ಸಹಕಾರ ಸಂಘದ ಚುನಾವಣೆ ಬಂದಾಗ ಮಾತ್ರ ಹತ್ತು ಹಸು ಕಟ್ಟಿದವರಿಗೂ ಒಂದು ಹಸು ಕಟ್ಟಿದವಳಿಗೂ ಒಂದೊಂದೇ ಮತ. ಹಾಸನ ಹಾಲು ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಇಂಥ ಸಂಘಗಳ ಮೇಲೆ ನಿಂತಿದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ರಾಜ್ಯದ ಪ್ರೋತ್ಸಾಹಧನ 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಗಿದ್ದಕ್ಕೆ ಕಾರಣ ಹಾಲಿನ ಬೇಡಿಕೆಯಲ್ಲ, ಹಾಲು ಹಾಕುವವರ ಮತ. 2019ರ ನವೆಂಬರ್‌ನಲ್ಲಿ ಭಾರತ ಆರ್‌ಸಿಇಪಿ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರಬಂದಾಗ ಹೈನುಗಾರರ ವಿರೋಧವೂ ಒಂದು ಕಾರಣವಾಗಿತ್ತು. 2023ರ ವಿಧಾನಸಭಾ ಚುನಾವಣೆಗೆ ತಿಂಗಳಷ್ಟೇ ಇದ್ದಾಗ ಗುಜರಾತಿನ ಅಮುಲ್ ಬೆಂಗಳೂರಿಗೆ ಬರುವ ಸುದ್ದಿ ರಾಜ್ಯದ ಸಹಕಾರಿ ಹಾಲಿನ ಬ್ರ್ಯಾಂಡ್ ನಂದಿನಿಯನ್ನು ಪ್ರಚಾರದ ವಿಷಯ ಮಾಡಿತು.

ಹಾಲಿಗೆ ಮತ ಬೆರೆಯುವುದರಲ್ಲಿ ಅಪಾಯವೂ ಇದೆ. ಸಹಕಾರಿ ಕುರ್ಚಿ ರಾಜಕಾರಣಿಗಳಿಗೆ ಮೆಟ್ಟಿಲಾಗುತ್ತದೆ. ಪೈಪೋಟಿ ಇಲ್ಲದಿದ್ದರೆ ಒಕ್ಕೂಟದ ಖರ್ಚು ಉಬ್ಬುತ್ತದೆ, ಹೊರೆ ಕೊನೆಗೆ ಹಸು ಕಟ್ಟಿದವಳ ಮೇಲೇ ಬೀಳುತ್ತದೆ. ಖಾಸಗಿ ಡೈರಿಯವನು ಹಳ್ಳಿಗೆ ಬಂದು ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದಾಗ ಸಂಘದ ಕಾರ್ಯದರ್ಶಿ ಎಚ್ಚೆತ್ತುಕೊಳ್ಳುವುದುಂಟು. ಮಾರುಕಟ್ಟೆ ಸಂಘವನ್ನು ತಿದ್ದುತ್ತದೆ, ಸಂಘ ಮಾರುಕಟ್ಟೆಯನ್ನು ತಿದ್ದುತ್ತದೆ. ಯಾವುದಾದರೂ ಒಂದೇ ಉಳಿದ ಊರಿನಲ್ಲಿ ರೈತನಿಗೆ ಒಲ್ಲೆ ಎನ್ನುವ ದಾರಿ ಇರುವುದಿಲ್ಲ.

ಆದ್ದರಿಂದ ಸರ್ಕಾರ ಮಾಡಬೇಕಾದ್ದು ಎಲ್ಲ ದರವನ್ನೂ ತಾನೇ ನಿಗದಿ ಮಾಡುವುದಲ್ಲ; ಮಾರದೆ ಕಾಯುವ ಶಕ್ತಿಯನ್ನು ಬೆಳೆಗಾರನಿಗೆ ಕೊಡುವುದು. ಶೀತಲಗೃಹ, ಉಗ್ರಾಣದ ರಸೀದಿ ಮೇಲೆ ಸಾಲ, ಇನ್ನಷ್ಟು ಖರೀದಿದಾರರು, ಪರೀಕ್ಷಿಸಿದ ಬೀಜ ಇವು ಆ ಕೆಲಸ. ರೈತರು ಮಾಡಬೇಕಾದ್ದೂ ಒಂದಿದೆ. ಹಾಲಿನ ಸಂಘಗಳ ವಾರ್ಷಿಕ ಮಹಾಸಭೆ ಪ್ರತಿ ವರ್ಷ ಸೆಪ್ಟೆಂಬರ್‌ನೊಳಗೆ ನಡೆಯುತ್ತದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ತಿಂಡಿ ತಿಂದು ಎದ್ದು ಬರುವ ಬದಲು, ಈ ಸಲ ಜಮಾ-ಖರ್ಚಿನ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಅರ್ಥವಾಗದ ಪ್ರತಿ ಸಾಲಿಗೂ ವಿವರಣೆ ಕೇಳಿ.