ಬಂದೂಕಿಗೆ ಕಣ್ಣು ಜೋಡಿಸುವ ಮುನ್ನ

ಅಹಿಂಸೆಯೇ ಪರಮಧರ್ಮವೆಂಬುದನ್ನು ಒಪ್ಪದ ಜೈನನಿಲ್ಲ. ಆದರೆ ಒಪ್ಪುವುದು ಬೇರೆ, ನಿತ್ಯದ ವ್ಯವಹಾರದಲ್ಲಿ ಅದನ್ನು ಗುರುತಿಸಿ ನಡೆಯುವುದು ಬೇರೆ. ಶ್ರಾವಕಾಚಾರ ಗ್ರಂಥಗಳು ರಚಿತವಾದ ಕಾಲದಲ್ಲಿ ಹಿಂಸೋಪಕರಣವೆಂದರೆ ಕೊಡಲಿ, ಕತ್ತಿ, ಗುದ್ದಲಿ, ಸಂಕೋಲೆ ಮುಂತಾದವು. ಆ ಪಟ್ಟಿಯಲ್ಲಿ ಹೆಸರಿಲ್ಲದ ವಸ್ತುವೊಂದು ಇಂದು ಅಂಗಡಿಯಲ್ಲಿ ದೊರೆತರೆ ಅದನ್ನು ತೂಗಲು ಹಳೆಯ ತಕ್ಕಡಿ ಸಾಕೇ? ರೈಫಲ್ಲಿನ ದೂರದರ್ಶಕಕ್ಕೆ ಜೋಡಿಸುವ ಡಿಜಿಟಲ್ ನೈಟ್ ವಿಷನ್ ಉಪಕರಣವನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತ.

ಈ ಉಪಕರಣದ ರಚನೆ ಕ್ಲಿಷ್ಟವಾದುದಲ್ಲ. ಕ್ಯಾಮೆರಾದಲ್ಲಿರುವಂಥ ಒಂದು ಸಂವೇದಕ, ಒಂದು ಪುಟ್ಟ ಪರದೆ, ಮನುಷ್ಯನ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಚೆಲ್ಲುವ ಒಂದು ದೀಪ, ಇಷ್ಟೇ. 850 ನ್ಯಾನೋಮೀಟರ್ ತರಂಗದ ದೀಪ ಹೆಚ್ಚು ದೂರವನ್ನು ತೋರಿಸುತ್ತದೆ. ಆದರೆ ದೀಪದ ಮುಖದಲ್ಲಿ ಮಸುಕಾದ ಕೆಂಪು ಹೊಳಪು ಉಳಿಯುತ್ತದೆ. 940 ನ್ಯಾನೋಮೀಟರ್ ತರಂಗದಲ್ಲಿ ಆ ಹೊಳಪು ಕಾಣದು, ದೂರವೂ ಕಡಿಮೆ. ದೂರದರ್ಶಕದ ಹಿಂಬದಿಗೆ ಸಿಕ್ಕಿಸುವ ಬಗೆಯಲ್ಲಿ ಹಗಲು ಹೊಂದಿಸಿಟ್ಟ ಗುರಿ ಕೆಡುವುದಿಲ್ಲ. ಮುಂಬದಿಗೆ ಸಿಕ್ಕಿಸುವುದು ತುಸು ಓರೆಯಾದರೂ ಗುರಿ ತಪ್ಪೀತು. ಶಾಖವನ್ನು ಗ್ರಹಿಸುವ ಥರ್ಮಲ್ ಉಪಕರಣ ಬೇರೊಂದು ಬಗೆ. ಅದಕ್ಕೆ ಬೆಳಕೇ ಬೇಡ. ಆದರೆ ಅದರಲ್ಲಿ ಕಾಣುವುದು ದೇಹದ ಬಿಸಿಯ ಆಕಾರವೇ ಹೊರತು ಮೈಯ ಗುರುತುಗಳಲ್ಲ. ಕೊಳ್ಳುವವನು ಸಾಮಾನ್ಯವಾಗಿ ವಿಚಾರಿಸುವುದು ಬೆಲೆ, ದೂರ, ಬ್ಯಾಟರಿ, ಸಿಕ್ಕಿಸುವ ಸೌಕರ್ಯ. ಇವೆಲ್ಲಕ್ಕೂ ಮೊದಲು ಶ್ರಾವಕನು ಕೇಳಿಕೊಳ್ಳಬೇಕಾದ ಪ್ರಶ್ನೆ ಮತ್ತೊಂದಿದೆ.

ಮಣ್ಣಿನ ಮಹಾಗಣಪತಿಯಿಂದ ನಾಡಿಗೆಲ್ಲ ಪರಿಚಿತವಾದ ಗೂಳೂರು ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿದೆ. ಈ ಭಾಗದಲ್ಲಿ ತೆಂಗು, ಅಡಿಕೆ, ರಾಗಿ ಬೆಳೆಯುವ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಕಾಡುಹಂದಿಗಳ ಹಿಂಡು ನುಗ್ಗಿ ಹೊಲವನ್ನು ಉತ್ತಂತೆ ಅಗೆದು ಹಾಕುತ್ತದೆ. ಎಳೆಯ ಸಸಿಗಳ ಬುಡ ಕಿತ್ತು ಹೋಗುತ್ತದೆ. ಇವನು ಸ್ವತಃ ಗುಂಡು ಹಾರಿಸುವವನಲ್ಲ. ನೆರೆಯ ರೈತನ ಬಳಿ ಪರವಾನಗಿಯುಳ್ಳ ರೈಫಲ್ ಇದೆ. ಆತನು ಬಂದು, “ಬಂದೂಕು ನನ್ನದು, ಪಾಪವೂ ನನಗೇ ಇರಲಿ, ಕತ್ತಲೆಯಲ್ಲಿ ಕಾಣುವ ಕಣ್ಣೊಂದನ್ನು ಮಾತ್ರ ನೀವು ಕೊಡಿಸಿ” ಎನ್ನುತ್ತಾನೆ. ಶ್ರಾವಕನಿಗೂ ಸಮಾಧಾನದ ಮಾತುಗಳು ಹೊಳೆಯುತ್ತವೆ. ಬೆಳೆಯ ರಕ್ಷಣೆ ಗೃಹಸ್ಥನ ಕರ್ತವ್ಯ. ಕೊಡುವುದು ಕಣ್ಣನ್ನು, ಗುಂಡನ್ನಲ್ಲ. ಚೆನ್ನಾಗಿ ಕಂಡರೆ ದನಕರುವಿಗೋ ದಾರಿಹೋಕನಿಗೋ ಗುಂಡು ತಗಲುವ ಅನಾಹುತ ತಪ್ಪುತ್ತದೆ.

ಮೊದಲು ರಾಜ್ಯದ ಕಾನೂನನ್ನು ನೋಡಬೇಕು. ಕಾನೂನಿಗೆ ವಿರುದ್ಧವಾಗಿ ನಡೆಯುವುದು ಅಚೌರ್ಯಾಣುವ್ರತಕ್ಕೂ ಅತಿಚಾರವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ಅನಂತರ ಕಾಡುಹಂದಿಯು ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯವಾದರೂ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಅದನ್ನು ಕೊಲ್ಲುವಂತಿಲ್ಲ; ಕೊಲ್ಲುವ ಯತ್ನವೂ ಆ ಕಾಯ್ದೆಯ ಅರ್ಥದಲ್ಲಿ ಬೇಟೆಯೇ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಬೆಳೆರಕ್ಷಣೆಗೆಂದು ಹೆಸರಿಸಿರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಆದಕಾರಣ ಬಂದೂಕಿನ ಪರವಾನಗಿ ಇದೆಯೆಂದ ಮಾತ್ರಕ್ಕೆ ಬೇಟೆಯ ಅನುಮತಿ ಇದೆಯೆಂದು ತಿಳಿಯಬಾರದು. ಅನುಮತಿ ದೊರೆತರೂ ಕಾನೂನಿನ ಪ್ರಶ್ನೆ ಮುಗಿಯಿತೇ ವಿನಾ ಧರ್ಮದ ಪ್ರಶ್ನೆ ಮುಗಿಯುವುದಿಲ್ಲ.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ಸರ್ವವಿದಿತ. ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ನೇಗಿಲಿನಡಿಯಲ್ಲಿ ಹುಳುವೊಂದು ಸತ್ತರೆ ಅದು ಉದ್ಯೋಗೀ ಹಿಂಸೆ. ಅಲ್ಲಿ ಉದ್ದೇಶ ಉಳುಮೆ, ಸಾವು ಅದರ ನೆರಳು. ಮೈಮೇಲೆ ಬಂದ ಮೃಗವನ್ನು ತಡೆಯುವಾಗ ಅದು ಸತ್ತರೆ ವಿರೋಧೀ ಹಿಂಸೆ. ಆದರೆ ಇರುಳಿನಲ್ಲಿ ಮರೆಯಲ್ಲಿ ಕುಳಿತು, ಪರದೆಯ ಮೇಲೆ ಪ್ರಾಣಿಯನ್ನು ಹುಡುಕಿ, ಅದು ಓಡಿಹೋಗದಂತೆ ಕಾಣದ ಬೆಳಕನ್ನು ಚೆಲ್ಲಿ, ಮರ್ಮಸ್ಥಾನ ನೋಡಿ ಗುಂಡು ಹಾರಿಸುವುದು ಯಾವ ಬಗೆ? ಬೆಳೆ ಉಳಿಸುವುದಷ್ಟೇ ಉದ್ದೇಶವಾಗಿದ್ದರೆ ಹಂದಿಯು ಓಡಿಹೋದರೆ ಸಾಕು. ಓಡಿಹೋಗದಂತೆ ನೋಡಿಕೊಳ್ಳುವ ಉಪಕರಣವನ್ನು ಆರಿಸುವಾಗಲೇ ಉದ್ದೇಶ ರಕ್ಷಣೆಯಿಂದ ವಧೆಯ ಕಡೆಗೆ ಸರಿದಿರುತ್ತದೆ. ಅಂದರೆ ವಿರೋಧೀ ಎಂಬ ಹೆಸರಿನಲ್ಲಿ ಸಂಕಲ್ಪೀ ಹಿಂಸೆ ಒಳಹೊಕ್ಕಿರುತ್ತದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಭವಭವಗಳಿಗೆ ಕಟ್ಟಿಹಾಕಿದುದು ಸಂಕಲ್ಪ.

ಇನ್ನು “ಕೊಡುವುದು ಕಣ್ಣನ್ನು, ಗುಂಡನ್ನಲ್ಲ” ಎಂಬ ವಾದ. ಇದಕ್ಕೆ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಶ್ಚರ್ಯಕರವಾದಷ್ಟು ನೇರವಾದ ಉತ್ತರವಿದೆ. ಕರ್ಮಾಸ್ರವದ ತಾರತಮ್ಯವನ್ನು ನಿರ್ಣಯಿಸುವಾಗ ಭಾವದ ತೀವ್ರತೆ, ಮಂದತೆ, ತಿಳಿದು ಮಾಡಿದುದೇ ತಿಳಿಯದೆ ಮಾಡಿದುದೇ ಎಂಬುದರ ಜೊತೆಗೆ ‘ಅಧಿಕರಣ’ ಅಂದರೆ ಆಧಾರವಾದ ಸಾಧನವನ್ನೂ ಆಚಾರ್ಯರು ಗಣನೆಗೆ ತೆಗೆದುಕೊಂಡಿದ್ದಾರೆ. ಅಜೀವಾಧಿಕರಣದ ನಾಲ್ಕು ಭೇದಗಳಲ್ಲಿ ಒಂದು ಸಂಯೋಗ. ಅದರಲ್ಲಿಯೂ ಒಂದು ಬಗೆ ಉಪಕರಣ ಸಂಯೋಗ. ಒಂದು ಉಪಕರಣವನ್ನು ಮತ್ತೊಂದಕ್ಕೆ ಜೋಡಿಸುವ ಕ್ರಿಯೆಯೇ ಆಸ್ರವಕ್ಕೆ ಆಧಾರವಾಗಬಲ್ಲುದು ಎಂಬುದು ಇದರ ತಾತ್ಪರ್ಯ. ಕಣ್ಣು ತಾನಾಗಿ ಹಿಂಸಕವಲ್ಲ. ಬಂದೂಕಿಗೆ ಜೋಡಿಸಿದ ಕಣ್ಣು ಬಂದೂಕಿನ ಅಂಗ. ಎರಡು ವಸ್ತುಗಳ ಬೆಲೆಚೀಟಿ ಬೇರೆಬೇರೆಯಾಗಿದ್ದರೂ ಅವು ಮಾಡುವ ಕೆಲಸ ಒಂದೇ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸೆಯ ಸಾಧನಗಳನ್ನು ಅನ್ಯರಿಗೆ ಕೊಡುವುದನ್ನು ‘ಹಿಂಸಾದಾನ’ವೆಂದು ಕರೆದು ಅನರ್ಥದಂಡಗಳ ಸಾಲಿನಲ್ಲಿ ಇಟ್ಟಿದ್ದಾರೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಲ್ಲಿ ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ತೆರೆದಿಟ್ಟರೆ ಮನೆಯೊಳಕ್ಕೆ ಧೂಳು ಬರುವುದು ನಿಲ್ಲುವುದಿಲ್ಲ. “ಪಾಪ ನನಗಿರಲಿ” ಎಂದು ನೆರೆಯವನು ಹೇಳಬಹುದು. ಕರ್ಮವು ವರ್ಗಾವಣೆಯಾಗುವ ಹುಂಡಿಯಲ್ಲ.

ಉಳಿದುದು ಮೂರನೆಯ ವಾದ, ಇದು ಹಗುರವಾದುದಲ್ಲ. ಜೈನಾಚಾರದಲ್ಲಿ ನೋಡುವುದಕ್ಕೆ ಇರುವಷ್ಟು ಮಹತ್ತ್ವ ಬೇರೆಡೆ ವಿರಳ. ಈರ್ಯಾಸಮಿತಿಯೆಂದರೆ ಮುಂದಿನ ನೆಲವನ್ನು ನೋಡಿ ನಡೆಯುವುದು. ರಾತ್ರಿಭೋಜನ ತ್ಯಾಗಕ್ಕೆ ಒಂದು ಕಾರಣ ಕತ್ತಲೆಯಲ್ಲಿ ಸೂಕ್ಷ್ಮಜೀವಿಗಳು ಕಾಣಿಸವು ಎಂಬುದು. ತುಮಕೂರಿನ ಬಳಿಯ ಮಂದರಗಿರಿಯಲ್ಲಿ ಪಿಂಛಿಯ ಆಕಾರದಲ್ಲಿ ನಿರ್ಮಿಸಿರುವ 81 ಅಡಿ ಎತ್ತರದ ಗುರುಮಂದಿರವನ್ನು ಯಾತ್ರಿಕರು ನೋಡಿರುತ್ತಾರೆ. ಕಣ್ಣು ಕಂಡ ಜೀವವನ್ನು ನೋಯಿಸದೆ ಬದಿಗೆ ಸರಿಸುವುದೇ ಪಿಂಛಿಯ ಕೆಲಸ. ಅದೂ ಉಪಕರಣವೇ, ಆದರೆ ಸಂಯಮೋಪಕರಣ. ಹಾಗಾದರೆ ಕತ್ತಲೆಯಲ್ಲಿ ಕಾಣಿಸುವ ಯಂತ್ರವೂ ಅಹಿಂಸೆಗೆ ಸಹಾಯಕವಲ್ಲವೇ? ಡಿಜಿಟಲ್ ಪರದೆಯಲ್ಲಿ ಬಣ್ಣ ತಿಳಿಯದಿದ್ದರೂ ಕರಡಿಯೋ ಹಂದಿಯೋ ಕರುವೋ ಎಂದು ಬರಿಗಣ್ಣಿಗಿಂತ ಚೆನ್ನಾಗಿ ತಿಳಿದೀತು. ಕುರುಡು ಗುಂಡಿಗಿಂತ ಕಂಡ ಗುಂಡು ಲೇಸೆಂಬುದು ನಿಜ.

ಆದರೆ ಈ ಲಾಭದ ಪೂರ್ಣ ಲೆಕ್ಕವನ್ನು ಬರೆಯಬೇಕು. ಕಣ್ಣು ದೊರೆತ ಮೇಲೆ ತಪ್ಪಿ ಸಾಯುವ ಪ್ರಾಣಿಗಳು ಕಡಮೆಯಾಗುತ್ತವೆ, ಗುರಿಯಿಟ್ಟು ಕೊಲ್ಲುವ ಪ್ರಾಣಿಗಳು ಹೆಚ್ಚುತ್ತವೆ. ಹಿಂದೆ ಕತ್ತಲೆಯೇ ಬಂದೂಕನ್ನು ಅನೇಕ ರಾತ್ರಿ ಸುಮ್ಮನಿರಿಸುತ್ತಿತ್ತು. ಆ ತಡೆ ಈಗ ಇಲ್ಲ. ಅಜ್ಞಾತಭಾವದ ಖಾತೆಯಿಂದ ಕಳೆದುದು ಜ್ಞಾತಭಾವದ ಖಾತೆಗೆ ಬಡ್ಡಿ ಸಹಿತ ಜಮೆಯಾಗುತ್ತದೆ. ಕೊಲ್ಲಲಿಕ್ಕಾಗಿ ಚೆನ್ನಾಗಿ ನೋಡುವುದು, ಉಳಿಸಲಿಕ್ಕಾಗಿ ಚೆನ್ನಾಗಿ ನೋಡುವುದು ಇವೆರಡೂ ಒಂದೇ ನೋಟವಲ್ಲ. ತಪ್ಪು ಗುಂಡಿನ ಭಯವೇ ನಿಜವಾದ ಕಾರಣವಾಗಿದ್ದರೆ ಅದಕ್ಕೆ ಸುಲಭವಾದ ಪರಿಹಾರ ಇರುಳಿನಲ್ಲಿ ಗುಂಡು ಹಾರಿಸದಿರುವುದು.

ಹಾಗೆಂದು ಗೃಹಸ್ಥಧರ್ಮವು ಯಾವ ಸಂದರ್ಭದಲ್ಲಿಯೂ ಶಸ್ತ್ರವನ್ನು ಒಪ್ಪುವುದಿಲ್ಲವೆಂದು ಹೇಳಿದರೆ ಅದು ಸತ್ಯವಾಗದು. ಗೊಮ್ಮಟನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು. ಇದೇ ಪ್ರದೇಶದಲ್ಲಿ 2019ರ ಅಕ್ಟೋಬರ್‌ನಿಂದ 2020ರ ಫೆಬ್ರವರಿಯವರೆಗೆ ಹೆಬ್ಬೂರು, ಕುಣಿಗಲ್, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು; ಅವರಲ್ಲಿ ಇಬ್ಬರು ಎಳೆಯ ಮಕ್ಕಳು. ಅರಣ್ಯ ಇಲಾಖೆಯು ಬೋನುಗಳನ್ನು ಇಟ್ಟಿತು, ಕ್ಯಾಮೆರಾಗಳನ್ನು ಕಟ್ಟಿತು. ಕೊನೆಗೆ ಗುಂಡಿಕ್ಕುವ ಆದೇಶವೂ ಹೊರಟಿತು. ಮಗುವನ್ನು ಕಳೆದುಕೊಂಡ ಅಂಗಳದಲ್ಲಿ ನಿಂತು ಆ ಆದೇಶವನ್ನು ಹಳಿಯುವುದು ಧರ್ಮಬುದ್ಧಿಯಲ್ಲ. ಅಲ್ಲಿಯೂ ಕಾಯ್ದೆಯು ಹೇಳುವುದು ಗಮನಾರ್ಹ. ಹಿಡಿಯಲು, ಅರಿವಳಿಕೆ ನೀಡಲು, ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲವೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನದಟ್ಟಾದರೆ ಮಾತ್ರ, ಕಾರಣಗಳನ್ನು ಬರೆದು, ಕೊಲ್ಲುವ ಅನುಮತಿ ನೀಡಬಹುದು. ಪ್ರತಿಯೊಂದು ಚಿರತೆಯ ಮೈಚುಕ್ಕೆಗಳ ವಿನ್ಯಾಸ ಬೇರೆ. ನಿರಪರಾಧಿಯಾದ ಮತ್ತೊಂದು ಚಿರತೆಗೆ ಗುಂಡು ತಗಲದಂತೆ ನೋಡಿಕೊಳ್ಳಲು ಅಲ್ಲಿ ಸ್ಪಷ್ಟವಾದ ನೋಟ ಕರ್ತವ್ಯವೇ ಆಗುತ್ತದೆ. ಪ್ರಾಣಕ್ಕೆ ಬಂದ ಅಪಾಯ, ಉಳಿದ ಉಪಾಯಗಳೆಲ್ಲ ಮುಗಿದ ಸ್ಥಿತಿ, ಒಂದೇ ಜೀವಕ್ಕೆ ಸೀಮಿತವಾದ ಆದೇಶ: ಈ ಮೂರೂ ಕೂಡಿದಾಗ ಅದು ವಿರೋಧೀ ಹಿಂಸೆ. ತೋಟದ ಸಸಿಗಾಗಿ ಪ್ರತಿ ರಾತ್ರಿಯೂ ಕಾಯುವ ಬಂದೂಕಿಗೆ ಈ ಮೂರರಲ್ಲಿ ಒಂದೂ ಇಲ್ಲ.

ಕಾಡುಹಂದಿಯ ವಿಷಯದಲ್ಲಿ ಜೈನರು ಮರೆಯಬಾರದ ಕಥೆಯೊಂದಿದೆ. ಚತುರ್ವಿಧ ದಾನಗಳಿಗೆ ದೃಷ್ಟಾಂತಗಳನ್ನು ಕೊಡುವಾಗ ಸಮಂತಭದ್ರ ಆಚಾರ್ಯರು ಒಂದಕ್ಕೆ ಹಂದಿಯನ್ನೇ ಹೆಸರಿಸಿದ್ದಾರೆ. ಗುಹೆಯಲ್ಲಿ ತಂಗಿದ್ದ ಮುನಿಗಳನ್ನು ಕೊಲ್ಲಲು ಹುಲಿ ಬಂದಿತು. ಹಂದಿಯು ಬಾಗಿಲಲ್ಲಿ ಅಡ್ಡನಿಂತು ಹೋರಾಡಿತು. ಎರಡೂ ಒಂದನ್ನೊಂದು ಕೊಂದು ಸತ್ತವು. ಹೊರಗಿನ ಕ್ರಿಯೆ ಎರಡರದೂ ಒಂದೇ. ಆದರೆ ಕಾಪಾಡುವ ಭಾವದ ಹಂದಿಗೆ ಸ್ವರ್ಗ, ಕೊಲ್ಲುವ ಭಾವದ ಹುಲಿಗೆ ನರಕ. ಹಂದಿಯೂ ಸಂಜ್ಞಿ ಪಂಚೇಂದ್ರಿಯ, ದಶಪ್ರಾಣಗಳುಳ್ಳ ಜೀವ. ಅದಕ್ಕೂ ಮನಸ್ಸಿದೆ, ಪರಿಣಾಮವಿದೆ, ಮುಂದಿನ ಗತಿಯಿದೆ.

ಇಷ್ಟು ಹೇಳಿ ರೈತನನ್ನು ಬರಿಗೈಯಲ್ಲಿ ಕಳುಹಿಸಿದರೆ ಅದು ಅನ್ಯಾಯ. ಪರರ ಹೊಲದ ಖರ್ಚಿನಲ್ಲಿ ಆಚರಿಸುವ ಅಹಿಂಸೆ ಅಗ್ಗದ ಅಹಿಂಸೆ. ಅಡಿಕೆ, ಕೊಬ್ಬರಿ, ಧಾನ್ಯಗಳ ವ್ಯಾಪಾರದಿಂದ ಬಾಳುವ ಜೈನ ಕುಟುಂಬಗಳು ಆ ಹೊಲಗಳ ಲಾಭದಲ್ಲಿ ಭಾಗಿಗಳು, ನಷ್ಟದಲ್ಲಿಯೂ ಭಾಗಿಗಳಾಗಬೇಕು. ಹೀಗಾಗಿ ಕೇಳಿದ ನೆರೆಯವನಿಗೆ ಕೊಡಬೇಕಾದ ಉತ್ತರ ‘ಇಲ್ಲ’ ಎಂಬುದಷ್ಟೇ ಅಲ್ಲ. ಕಣ್ಣನ್ನು ಕೊಡಿಸಬಹುದು, ಕೈಯಲ್ಲಿ ಹಿಡಿದು ನೋಡುವ ಕಣ್ಣನ್ನು. ಬಂದೂಕಿಗೆ ಸಿಕ್ಕಿಸಲಾಗದ ಅಂಥ ದರ್ಶಕದಿಂದ ಕಾವಲುಗಾರನು ಹಿಂಡು ಬರುವುದನ್ನು ದೂರದಲ್ಲಿಯೇ ಕಂಡು ದೀಪ ಹಾಕಬಹುದು, ತಮಟೆ ಬಾರಿಸಬಹುದು. ರೈಫಲ್ಲಿನ ಉಪಕರಣಕ್ಕೆ ತಗಲುವ ಹಣವನ್ನು ಸೌರಬೇಲಿಗೆ ಸೇರಿಸಬಹುದು. ಅದರ ತಂತಿಯಲ್ಲಿ ವಿದ್ಯುತ್ತು ಕ್ಷಣಮಾತ್ರದ ಮಿಡಿತಗಳಾಗಿ ಹರಿದು ಪ್ರಾಣಿಯನ್ನು ಬೆದರಿಸಿ ಹಿಂದಕ್ಕೆ ಕಳುಹಿಸುತ್ತದೆ. ಮನೆಯ ವಿದ್ಯುತ್ತನ್ನೇ ತಂತಿಗೆ ಹರಿಸುವುದು ಕಾನೂನುಬಾಹಿರ, ಮನುಷ್ಯರಿಗೂ ಮಾರಕ, ಸೌರಬೇಲಿ ಅಂಥದಲ್ಲ. ಬೆಳೆಹಾನಿಗೆ ಅರಣ್ಯ ಇಲಾಖೆಯು ಪರಿಹಾರಧನ ಕೊಡುತ್ತದೆ. ಅರ್ಜಿ ಬರೆಯಲು ತಿಳಿಯದವರಿಗೆ ಬಸದಿಯ ಟ್ರಸ್ಟಿನ ಕಚೇರಿಯಲ್ಲಿ ಒಬ್ಬರು ಕುಳಿತು ಬರೆದುಕೊಡಬಹುದು. ಜೀವದಯಾ ನಿಧಿಯಿರುವ ಟ್ರಸ್ಟುಗಳು ಅದರ ಒಂದು ಭಾಗವನ್ನು ಬೇಲಿಗೆ ಮೀಸಲಿಟ್ಟರೆ ಅಭಯದಾನವು ಹಂದಿಗೂ ರೈತನಿಗೂ ಏಕಕಾಲಕ್ಕೆ ಸಲ್ಲುತ್ತದೆ.

ವಿಜ್ಞಾನವು ಹೊಸ ಹೊಸ ಉಪಕರಣಗಳನ್ನು ಕೊಡುತ್ತಲೇ ಇರುತ್ತದೆ. ಶ್ರಾವಕನು ಅವುಗಳನ್ನು ಕಂಡು ಹೆದರಬೇಕಾಗಿಲ್ಲ, ಮರುಳಾಗಬೇಕಾಗಿಯೂ ಇಲ್ಲ. ಇದನ್ನು ಯಾವುದಕ್ಕೆ ಜೋಡಿಸಲಾಗುತ್ತದೆ, ಜೋಡಿಸಿದ ಮೇಲೆ ಇದು ಯಾವ ಭಾವಕ್ಕೆ ಬಲ ಕೊಡುತ್ತದೆ ಎಂದು ಕೊಳ್ಳುವ ಮುನ್ನ ಒಂದು ಗಳಿಗೆ ನಿಂತು ಕೇಳಿಕೊಂಡರೆ ಸಾಕು. ಇರುಳಿನಲ್ಲಿ ಕಾಣುವ ಶಕ್ತಿ ದೊರೆತವನಿಗೆ ಅಣುವ್ರತದ ಹೊಣೆ ಹಗುರವಾಗುವುದಿಲ್ಲ, ಹೆಚ್ಚುತ್ತದೆ. ಕಾಣಲಿಲ್ಲವೆಂದು ಹೇಳುವ ಅವಕಾಶ ಇನ್ನು ಅವನಿಗಿಲ್ಲ.